ಅಕ್ಕನ ವಾಕ್ಯದ ಕೊನೆ

ಅಕ್ಕನ ಗಂಟಲಿನಲ್ಲಿ ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾದ್ರೆ ಬೆಳಿಗ್ಗೆ ಮಸ್ಟರ್ ಕೂಗೋರು ಯಾರು?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನೇ ಬಿಡಿಸಿ ಹೇಳಬೇಕಾಯಿತು. ಅಕ್ಕ ಗಾಳಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನಾ ಬೆಳಿಗ್ಗೆ ಲೈನ್‌ಮನೆಗಳ ಮುಂದೆ ನಿಂತು ಹಾಜರಿಗೆ ಅಲ್ಲಿನ ಕೆಲಸದವರ ಹೆಸರು ಕೂಗಿ, ಯಾರು ಯಾವ ಬ್ಲಾಕಿಗೆ, ಯಾರಿಗೆ ಕಳೆ, ಯಾರಿಗೆ ಕಾಫಿಹಣ್ಣಿನ ಪಿಕಿಂಗ್ ಎಂದು ಹಂಚುವವಳು. ಕನ್ನಡದಲ್ಲಿ ಶುರುವಾದ ಅವಳ ಮಾತು ಕೇರಳದವರ ಮುಂದೆ ಮಲಯಾಳವಾಗಿ, ಹಳೆಯ ಲೈನಿನವರ ಮುಂದೆ ತಮಿಳಾಗಿ, ಅಸ್ಸಾಮಿನಿಂದ ಬಂದವರ ಮುಂದೆ ಮುರುಕು ಹಿಂದಿಯಾಗಿ ಮತ್ತೆ ಕನ್ನಡಕ್ಕೇ ಬಂದು ನಿಲ್ಲುತ್ತಿತ್ತು. ಮೈಕಿಲ್ಲದೆ ಅವಳ ಕೂಗು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯವರೆಗೂ ಹೋಗುತ್ತಿತ್ತು.

ಡಾಕ್ಟರು ತಲೆಯಾಡಿಸಿದರು. "ಅದಕ್ಕೆ ಬೇರೆ ಯಾರಾದರೂ ಸಿಗ್ತಾರಮ್ಮ" ಎಂದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಷ್ಟು ಹೊತ್ತಿಗಾಗಲೇ ಅವಳ ಧ್ವನಿ ಒಡೆದು ಹೋಗಿತ್ತು. ಆದರೂ ಅದು ಅವಳದೇ ಧ್ವನಿ.

ನಮ್ಮ ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ನನಗೆ ನೆನಪು ಬರುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ನನ್ನ ತಲೆ ಬಾಚಿದವಳು, ಮಗ್ಗಿ ಕಲಿಸಿದವಳು, ಮೈಸೂರಿನಲ್ಲಿ ಓದುವುದಕ್ಕೆ ಕಳಿಸಲೇಬೇಕು ಎಂದು ಅಪ್ಪನ ಹತ್ತಿರ ಹಟ ಹಿಡಿದವಳು ಅಕ್ಕನೇ. ಓದು ಮುಗಿಸಿ ನಾನು ಊರಿಗೇ ವಾಪಸು ಬಂದೆ. ಈಗ ಕುಶಾಲನಗರದಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ತೋಟದ ಕಾಫಿ ಬಂತು, ತೇವ ಎಷ್ಟಿತ್ತು, ಯಾವ ಗ್ರೇಡ್ ಆಯಿತು, ಇವನ್ನೆಲ್ಲ ಕಂಪ್ಯೂಟರಿನೊಳಗೆ ಸರಿಯಾದ ಜಾಗದಲ್ಲಿ ಇಟ್ಟು, ಕೇಳಿದಾಗ ತೆಗೆದುಕೊಡುವುದು.

ಆಪರೇಷನ್ನಿಗೆ ಇನ್ನೂ ಕೆಲವು ವಾರಗಳಿದ್ದವು. ಮೊಬೈಲಿನಲ್ಲಿ ಬರೆದದ್ದನ್ನು ಓದಿ ಹೇಳುವ ಆ್ಯಪ್ ಒಂದಿದೆಯಲ್ಲ, ಅದನ್ನು ಅಕ್ಕನಿಗೆ ತೋರಿಸಿದೆ. ಒಂದು ವಾಕ್ಯ ಕೇಳಿ ಮುಖ ಸಿಂಡರಿಸಿದಳು.

"ಇದ್ಯಾವಳೇ ಇವಳು, ಬಸ್ ಸ್ಟ್ಯಾಂಡಲ್ಲಿ ಮಾತಾಡೋ ಹಂಗೆ ಮಾತಾಡ್ತಾಳೆ! ಇವಳ ಮಾತಿಗೆ ನಮ್ಮ ನಾಯೀನೂ ತಿರುಗಿ ನೋಡಕ್ಕಿಲ್ಲ."

"ಮತ್ತೇನ್ ಮಾಡನ ಅಕ್ಕ?"

"ನಂದೇ ಧ್ವನಿ ಹಿಡಿದಿಟ್ಕೊಳ್ಳಕ್ಕೆ ಆಗಕ್ಕಿಲ್ವಾ? ಈಗ ಇರೋ ಅಷ್ಟಾದ್ರೂ?"

ಹಾಗೆ ಶುರುವಾಯಿತು. ಪ್ರತಿ ಶನಿವಾರ ನಾನು ಗಾಳಿಬೀಡಿಗೆ ಹೋಗುತ್ತಿದ್ದೆ. ಎಸ್ಟೇಟಿನವರು ಅಕ್ಕನಿಗೆ ಕೊಟ್ಟಿದ್ದ ಪುಟ್ಟ ಮನೆಯ ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಕಂಬಳಿ ಸಿಕ್ಕಿಸಿ, ಒಂದು ಮೈಕನ್ನು ಅವಳ ಮುಂದಿಡುತ್ತಿದ್ದೆ. ಅವಳು ದಿನಾ ಆಡುವ ಮಾತುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. "ಏಣಿ ಸರಿಯಾಗಿ ಹಿಡ್ಕಳ್ರೋ." "ಜಲ್ದಿ ಆವೋ." "ಕಾಫಿ ಕುಡಿದ್ಯಾ?" "ಏ ತಂಗಿ, ಬಸ್ ಬಂತು ನೋಡು." ಮಾತಿನ ಮಧ್ಯೆ ಕೆಮ್ಮು ಬರುತ್ತಿತ್ತು. ನೀರು ಕುಡಿದು ಮತ್ತೆ ಹೇಳುತ್ತಿದ್ದಳು. ಕೊನೆಗೆ ಕನ್ನಡದ ಇಡೀ ಕಾಗುಣಿತವನ್ನೂ ಹೇಳಿದಳು. ರೆಕಾರ್ಡಿನಲ್ಲಿ ಇಲ್ಲದ ಮಾತನ್ನು ಮುಂದೆ ಅವಳು ಟೈಪ್ ಮಾಡಿದರೆ ಒಂದೊಂದೇ ಅಕ್ಷರದ ಸದ್ದು ಜೋಡಿಸಿ ಹೇಳಿಸಬಹುದು ಎಂಬುದು ನನ್ನ ಲೆಕ್ಕ. ಕ ಕಾ ಕಿ ಕೀ ಎಂದು ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಿದ್ದವಳು ನಡುವೆ ನಕ್ಕುಬಿಟ್ಟಳು. ಆ ನಗುವೂ ರೆಕಾರ್ಡ್ ಆಯಿತು.

ಆದರೆ ಇವನ್ನೆಲ್ಲ ಆಡಿಸುವುದು ಹೇಗೆ? ನನಗೆ ಗೊತ್ತಿದ್ದದ್ದು ಡೇಟಾಬೇಸ್ ಒಂದೇ. ಅದರ ಭಾಷೆಯಲ್ಲಿ ಮಾತುಗಳನ್ನು ಜೋಡಿಸಿಡಬಹುದು, ಹುಡುಕಬಹುದು. ಸದ್ದು ಹೊರಡಿಸುವುದು ಅದರ ಕೈಲಾಗುವ ಕೆಲಸವಲ್ಲ. ಅದಕ್ಕೆ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಬೇಕು. ಡೇಟಾಬೇಸು ಅಕ್ಕ ಟೈಪ್ ಮಾಡಿದ ಮಾತನ್ನು ಆ ಪ್ರೋಗ್ರಾಮಿನ ಕೈಗೆ ಕೊಡಬೇಕು, ಅದು ಬಿಡಿಸಿ ಸ್ಪೀಕರಿನಲ್ಲಿ ಆಡಬೇಕು. ಸಿ ಚೆನ್ನಾಗಿ ಬರುವವರು ನನಗೆ ಗೊತ್ತಿದ್ದದ್ದು ಒಬ್ಬರೇ. ಭಾವ, ಅಕ್ಕನ ಗಂಡ.

ಅಕ್ಕ ಭಾವ ಬೇರೆಯಾಗಿ ಎಷ್ಟೋ ವರ್ಷವಾಗಿತ್ತು. ಅವರಿಗೊಬ್ಬ ಮಗಳಿದ್ದಳು. ಇನ್ನೂ ಸ್ಕೂಲಿಗೆ ಸೇರಿರಲಿಲ್ಲ, ಜ್ವರ ಬಂದು ಹೋಗಿಬಿಟ್ಟಳು. ಭಾವ ಆಗ ಅದೇ ಎಸ್ಟೇಟಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಮಗುವಿನ ಕಾರ್ಯ ಮುಗಿದ ಮೇಲೆ ಅವರು ಮಾತು ಬಿಟ್ಟರು. ಆಮೇಲೆ ಮನೆಗೆ ಬರುವುದು ತಡವಾಯಿತು, ಆಮೇಲೆ ಬರುವುದೇ ನಿಂತಿತು. ನಾಪೋಕ್ಲಿನಲ್ಲಿ ಒಂದು ಅಂಗಡಿ ಹಿಡಿದು ಎಲೆಕ್ಟ್ರಾನಿಕ್ ತಕ್ಕಡಿ, ಕಾಫಿಯ ತೇವ ನೋಡುವ ಮೀಟರು, ಇಂಥವನ್ನು ರಿಪೇರಿ ಮಾಡುತ್ತ ಅಲ್ಲೇ ಉಳಿದುಬಿಟ್ಟರು. ಆ ಯಂತ್ರಗಳ ಒಳಗಿನ ಪ್ರೋಗ್ರಾಮನ್ನೂ ತಾವೇ ಬರೆಯುವಷ್ಟು ಕಲಿತಿದ್ದರು. ನಮ್ಮ ವರ್ಕ್ಸಿನ ತೂಕದ ಯಂತ್ರಕ್ಕೆ ಬರೆದವರೂ ಅವರೇ. ಹಾಗಾಗಿ ಕೆಲಸದ ಮೇಲೆ ನಾನೂ ಅವರೂ ಮಾತಾಡುತ್ತಿದ್ದೆವು. ಅಕ್ಕನ ಸುದ್ದಿ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಅಕ್ಕ ಒಂದು ಸಲ ನನ್ನ ಹತ್ತಿರ ಅಂದಿದ್ದಳು. "ಜಗಳ ಆಡ್ಕಂಡು ಹೋಗಿದ್ರೆ, ಜಗಳ ಮುಗಿಸಕ್ಕಾದ್ರೂ ವಾಪಸ್ ಬರೋರು."

ಅಂಥವರನ್ನು ಕೇಳಲೇ ಎಂದು ಅಕ್ಕನನ್ನೇ ಕೇಳಿದೆ. ಅವಳು ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ, ಮತ್ತೆ ಏರಿಸಿ ಹೇಳಿದಳು.

"ಕೆಲಸ ಬಲ್ಲೋರು. ಕೇಳು. ಈ ಮನೆಗೆ ಮಾತ್ರ ಕರ್ಕಂಡು ಬರ್ಬೇಡ."

ಭಾವನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಕಾಯಿಲೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಆ ಕಡೆ ಅಂಗಡಿಯ ಮುಂದೆ ಬಸ್ಸೊಂದು ಹಾರ್ನ್ ಹೊಡೆಯುತ್ತಿದ್ದದ್ದು ಕೇಳುತ್ತಿತ್ತು. ಅದು ದೂರ ಹೋಯಿತು.

"ಕಳ್ಸು. ರೆಕಾರ್ಡಿಂಗ್ ಎಲ್ಲಾ ಕಳ್ಸು" ಎಂದರು.

ಆಮೇಲಿನ ದಿನಗಳಲ್ಲಿ ನಮ್ಮ ಮಾತೆಲ್ಲ ಫೋನಿನಲ್ಲೇ. ಡೇಟಾಬೇಸಿನ ಕಡೆ ನನ್ನದು, ಸಿ ಕಡೆ ಅವರದು. ಒಂದು ಅಂಕಿಯನ್ನು ಈ ಕಡೆಯಿಂದ ಆ ಕಡೆಗೆ ಕೊಡುವುದು ಸುಲಭ. ಅಂಕಿಗೆ ಗೊತ್ತಾದ ಅಳತೆಯ ಜಾಗ ಸಾಕು. ಮಾತನ್ನು ಕೊಡುವುದು ಹಾಗಲ್ಲ. ಮಾತು ಎಷ್ಟು ಉದ್ದವಿದೆಯೋ ಮೊದಲೇ ತಿಳಿಯುವುದಿಲ್ಲ. ಅದಕ್ಕೇ ಮಾತಿನ ಜೊತೆಗೆ ಅದರ ಉದ್ದವನ್ನೂ ಕೊಡಬೇಕು. ಮಾತು ನಿಜವಾಗಿ ಇದೆಯೋ ಇಲ್ಲವೋ ಎಂಬ ಸೂಚನೆಯನ್ನೂ ಬೇರೆಯಾಗಿ ಕೊಡಬೇಕು. ಆ ಕಡೆಯವರು ಅದನ್ನು ಇಳಿಸಿಕೊಳ್ಳುವುದಕ್ಕೆ ಸಾಕಷ್ಟು ಜಾಗವನ್ನು ಮುಂಚೆಯೇ ತೆಗೆದಿಟ್ಟಿರಬೇಕು.

"ಏನೂ ಟೈಪ್ ಮಾಡ್ದೇ ಬಟನ್ ಒತ್ತಿದ್ರೆ ಪ್ರೋಗ್ರಾಮು ಸತ್ತೋಗ್ತದೆ ಕಣಮ್ಮ" ಎಂದು ಭಾವ ಒಂದು ದಿನ ಹೇಳಿದರು. "ಖಾಲಿ ಮಾತು ಕಳಿಸ್ತಿದ್ಯೋ, ಮಾತೇ ಕಳಿಸ್ತಿಲ್ವೋ?"

"ನಮ್ಮ ಡೇಟಾಬೇಸಿಗೆ ಎರಡೂ ಒಂದೇ ಭಾವ."

"ನನಗೆ ಒಂದೇ ಅಲ್ಲ. ಸೂಚನೆ ಕಳ್ಸು, ನಾನು ಮೊದ್ಲು ಅದನ್ನ ನೋಡ್ಕೊತೀನಿ."

ಇನ್ನೊಂದು ದಿನ ಕೇಳಿದರು, "ಒಂದು ವಾಕ್ಯ ಎಷ್ಟು ಉದ್ದ ಬರಬಹುದು?" ಅಕ್ಕ ಆಡುವ ಮಾತುಗಳನ್ನು ನೆನೆಸಿಕೊಂಡು, "ಅರವತ್ತು ಅಕ್ಷರ ದಾಟಕ್ಕಿಲ್ಲ" ಎಂದೆ. ಅವರು ಅರವತ್ತನಾಲ್ಕಕ್ಕೆ ಜಾಗ ಮಾಡಿದರು. ಅವರು ಕೇಳಿದ್ದೂ ಸರಿಯಾಗಿತ್ತು, ನಾನು ಹೇಳಿದ್ದೂ ಸರಿಯಾಗಿತ್ತು. ಕನ್ನಡದ ಅಕ್ಷರ ಕಂಪ್ಯೂಟರಿನೊಳಗೆ ಇಂಗ್ಲಿಷಿನ ಅಕ್ಷರದ ಮೂರರಷ್ಟು ಜಾಗ ಹಿಡಿಯುತ್ತದೆ, ಕೊಂಬು ಒತ್ತುಗಳಿಗೆ ಬೇರೆ ಜಾಗ ಬೇಕು ಎಂಬುದು ಇಬ್ಬರಿಗೂ ಗೊತ್ತಿದ್ದದ್ದೇ. ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಅವರು ಆ ರೆಕಾರ್ಡುಗಳನ್ನು ಒಂದೊಂದಾಗಿ ಕೇಳಿ, ಸದ್ದಿನ ಆಚೀಚೆ ಕತ್ತರಿಸಿ ಹದ ಮಾಡುತ್ತಿದ್ದರು. ಅಂಗಡಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಕ್ಕನ ಮಾತನ್ನೇ ಕೇಳುತ್ತ ಕೂರುತ್ತಿದ್ದರಂತೆ. ಒಂದು ಮಧ್ಯಾಹ್ನ ಫೋನ್ ಮಾಡಿ, "ಮಗಳ ಹೆಸರೂ ಐತಲ್ಲ ಇದ್ರಲ್ಲಿ" ಎಂದರು.

ನನಗೆ ಗೊತ್ತಿತ್ತು. ಅಕ್ಕ ಆ ಹೆಸರನ್ನು ಹೇಳಿದಾಗ ನಾನು ಎದುರಿಗೇ ಕೂತಿದ್ದೆ. ಕೆಲಸದವರ ಹೆಸರು, ನನ್ನ ಹೆಸರು, ನಾಯಿಯ ಹೆಸರು ಹೇಳಿ ಮುಗಿಸಿ, ಮೈಕಿಗೆ ಸ್ವಲ್ಪ ಹತ್ತಿರ ಬಾಗಿ ಅದನ್ನೂ ಹೇಳಿದ್ದಳು. ಮಗುವನ್ನು ಆಟದಿಂದ ಊಟಕ್ಕೆ ಕರೆಯುವ ಹಾಗೆ, ಕೊನೆಯ ಅಕ್ಷರವನ್ನು ಎಳೆದು.

"ಹೌದು ಭಾವ" ಎಂದೆ. ಅವರು ಫೋನ್ ಇಟ್ಟರು. ಎರಡು ದಿನ ಅವರಿಂದ ಸುದ್ದಿಯಿರಲಿಲ್ಲ.

ಆಪರೇಷನ್ ಆಯಿತು. ಅಕ್ಕನ ಕತ್ತಿನಲ್ಲಿ ಉಸಿರಾಡಲು ಒಂದು ತೂತು ಉಳಿಯಿತು, ಅದರ ಮೇಲೊಂದು ತೆಳು ಬಟ್ಟೆ. ಮನೆಗೆ ಬಂದ ಮೇಲೆ ಲ್ಯಾಪ್‌ಟಾಪನ್ನು ಅವಳ ಮಡಿಲಿಗೆ ಇಟ್ಟೆ. ಅವಳು ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದಳು. "ಕಾಫಿ ಕುಡಿದ್ಯಾ?" ಎಂದಿತು ಸ್ಪೀಕರು, ಅಕ್ಕನ ಧ್ವನಿಯಲ್ಲಿ. ಅವಳ ತುಟಿ ಮುಚ್ಚಿತ್ತು, ಮಾತು ಮಾತ್ರ ಅವಳದು. ನಾನು ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ. ಅವಳು ಅದೇ ಬಟನನ್ನು ಮತ್ತೆ ಮತ್ತೆ ಒತ್ತಿದಳು, ನಾನು ಎದ್ದು ಕಾಫಿ ಮಾಡಿಕೊಂಡು ಬರುವವರೆಗೂ.

ಸ್ವಲ್ಪ ದಿನ ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಲೈನ್‌ಮನೆಯ ಮುಂದೆ ಒಂದು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಕ್ಕ ಮಸ್ಟರ್ ಕೂಗಿಸಿದಳು. ಹೆಸರುಗಳು, ದಿನದ ಮಾತುಗಳು ಇಡಿಯಾಗಿ ರೆಕಾರ್ಡ್ ಆಗಿದ್ದರಿಂದ ಅವಕ್ಕೆ ಅಡ್ಡಿ ಬರಲಿಲ್ಲ. ಹೊಸದಾಗಿ ಟೈಪ್ ಮಾಡಿದ ಮಾತು ಅಕ್ಷರ ಅಕ್ಷರ ಎಡವಿಕೊಂಡು ಬರುತ್ತಿತ್ತು, ಆದರೂ ಅರ್ಥವಾಗುತ್ತಿತ್ತು. ಅವು ಚಿಕ್ಕ ಮಾತುಗಳು.

ಎಡವಟ್ಟಾಗಿದ್ದು ತಪಾಸಣೆಗೆಂದು ಆಸ್ಪತ್ರೆಗೆ ಹೋದಾಗ. ಆ ದಿನ ನನಗೆ ರಜೆ ಸಿಗದೆ ಅಕ್ಕ ಎಸ್ಟೇಟಿನ ಜೀಪಿನಲ್ಲಿ ಒಬ್ಬಳೇ ಹೋಗಿದ್ದಳು. ಹೊಸ ಡಾಕ್ಟರೊಬ್ಬರು ನೋವು ಹೇಗಿದೆ ಎಂದು ಕೇಳಿದರಂತೆ. ಅಕ್ಕ ಟೈಪ್ ಮಾಡಿದಳು: "ಮೊನ್ನೆ ಇದ್ದಂಗೆ ಈಗ ನೋವು ಇಲ್ಲ." ಸ್ಪೀಕರು ಹೇಳಿದ್ದು, "ಮೊನ್ನೆ ಇದ್ದಂಗೆ ಈಗ ನೋವು." ಡಾಕ್ಟರು ಅದನ್ನೇ ನಂಬಿ ಗುಳಿಗೆ ಹೆಚ್ಚು ಮಾಡಿದರು. ಅಕ್ಕ ಪರದೆ ತಿರುಗಿಸಿ ತೋರಿಸಿದಳು, ಆ ಡಾಕ್ಟರಿಗೆ ಕನ್ನಡ ಓದಲು ಬರುತ್ತಿರಲಿಲ್ಲ; ತಲೆ ಅಲ್ಲಾಡಿಸಿದಳು, ಕೈ ಬೀಸಿದಳು. ಅದನ್ನೂ ನೋವಿನ ಸಂಕಟ ಎಂದೇ ಅವರು ತಿಳಿದರು. ಡಾಕ್ಟರು ಕೊಟ್ಟದ್ದೆಂದು ಆ ಗುಳಿಗೆ ನುಂಗಿ ಅಕ್ಕ ಎರಡು ದಿನ ಎಚ್ಚರವಿಲ್ಲದವಳ ಹಾಗೆ ಮಲಗಿದಳು. ಎದ್ದವಳು ಲ್ಯಾಪ್‌ಟಾಪನ್ನು ಮುಚ್ಚಿ, ಮಂಚದ ಕೆಳಗೆ ತಳ್ಳಿ, ಒಂದು ಸ್ಲೇಟು ತರಿಸಿಕೊಂಡಳು. ನಾನು ಹೋದಾಗ ಅದರ ಮೇಲೆ ಬರೆದು ತೋರಿಸಿದಳು: "ಅರ್ಧ ಮಾತಿಗಿಂತ ಮೂಗಿಯಾಗಿರೋದೇ ವಾಸಿ."

ನಾನು ಭಾವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಆ ಮಿಷನ್ನೇ ನೋಡ್ಬೇಕು ಕಣಮ್ಮ, ಇಲ್ಲಿ ಕೂತು ಆಗಕ್ಕಿಲ್ಲ" ಎಂದರು. ಲ್ಯಾಪ್‌ಟಾಪನ್ನು ನಾಪೋಕ್ಲಿಗೆ ಬಸ್ಸಿನಲ್ಲಿ ಕಳಿಸುತ್ತೇನೆ ಎಂದೆ. ಅವರು ಬಸ್ಸಿನ ಹೊತ್ತು ಕೇಳಿಕೊಂಡು ಫೋನ್ ಇಟ್ಟರು.

ಮರುದಿನ ಭಾನುವಾರ. ನಾನು ಗಾಳಿಬೀಡಿನಲ್ಲೇ ಇದ್ದೆ. ಬೆಳಗಿನ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ನಾಯಿ ಬೊಗಳಿತು. ಭಾವ ಹೆಗಲಿಗೊಂದು ಬ್ಯಾಗ್ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವರ ಕಣ್ಣು ಅವಳ ಕತ್ತಿನ ಬಟ್ಟೆಯ ಮೇಲೆ ಹೋಗಿ, ತಟ್ಟನೆ ಬೇರೆ ಕಡೆ ತಿರುಗಿತು.

ಅಕ್ಕ ಮೊರವನ್ನು ಪಕ್ಕಕ್ಕೆ ಇಟ್ಟಳು. ಸ್ಲೇಟು ಅಲ್ಲೇ ಇತ್ತು. ಅವಳು ಸ್ಲೇಟು ಮುಟ್ಟಲಿಲ್ಲ. ನನಗೆ ಕೈಸನ್ನೆ ಮಾಡಿ ಮಂಚದ ಕೆಳಗಿಂದ ಲ್ಯಾಪ್‌ಟಾಪ್ ತರಿಸಿದಳು. ಅದು ಶುರುವಾಯಿತು. ಅವಳು ನಿಧಾನಕ್ಕೆ ಟೈಪ್ ಮಾಡಿದಳು. ನಾನು ಅವಳ ಹಿಂದೆ ನಿಂತಿದ್ದೆ, ಬರೆದದ್ದು ನನಗೆ ಕಾಣುತ್ತಿತ್ತು: "ನೀವು ಇಷ್ಟು ದೂರ ಬರಬೇಕಾಗಿರಲಿಲ್ಲ." ಬಟನ್ ಒತ್ತಿದಳು.

"ನೀವು ಇಷ್ಟು ದೂರ ಬರಬೇಕಾಗಿ" ಎಂದು ಹೇಳಿ ಅವಳ ಧ್ವನಿ ನಿಂತುಹೋಯಿತು.

ಭಾವನ ಮುಖ ಸಡಿಲವಾಯಿತು. "ಬರಬೇಕಾಗಿತ್ತು" ಎಂದು ತಾವೇ ಆ ಮಾತನ್ನು ಮುಗಿಸಿದರು. "ಗೊತ್ತು. ಯಾವಾಗ್ಲೋ ಬರಬೇಕಾಗಿತ್ತು ನಾನು."

ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೇಳು ಎನ್ನುತ್ತಿದ್ದಳೋ, ಹೇಳಬೇಡ ಎನ್ನುತ್ತಿದ್ದಳೋ ತಿಳಿಯಲಿಲ್ಲ. ನಾನು ಬಾಯಿ ತೆರೆಯಲಿಲ್ಲ.

ಭಾವ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಡೇಟಾಬೇಸಿನಿಂದ ತಮ್ಮ ಪ್ರೋಗ್ರಾಮಿಗೆ ಏನು ಬರುತ್ತಿದೆ ಎಂದು ನೋಡಲು, ಬಂದ ಮಾತನ್ನೂ ಅದರ ಉದ್ದವನ್ನೂ ಪರದೆಯ ಮೇಲೆ ತೋರಿಸುವ ಒಂದು ಸಾಲು ಸೇರಿಸಿದರು. ಅಕ್ಕನ ಕೊನೆಯ ಮಾತನ್ನೇ ಮತ್ತೆ ಕಳಿಸುವಂತೆ ನನಗೆ ಹೇಳಿದರು. ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಕಳಿಸಿದೆ.

ಮಾತು ಪರದೆಯ ಮೇಲೆ ಇಡಿಯಾಗಿ ಬಂತು. ಅವರು ಓದಿದರು. ಮತ್ತೊಮ್ಮೆ ಓದಿದ ಹಾಗೆ ಕಂಡಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

"ನಿನ್ನ ಕಡೆಯಿಂದ ಪೂರ್ತಿನೇ ಬರ್ತಿದೆ" ಎಂದರು ನನಗೆ, ಬಹಳ ಮೆಲ್ಲಗೆ. "ನನ್ನ ಕಡೆ ಜಾಗ ಸಾಲ್ದೇ ಕೊನೆ ಕತ್ತರಿಸಿ ಹೋಗ್ತಿದೆ. ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಜಾಗ ಇಟ್ಬಿಟ್ಟಿದ್ದೀನಿ."

"ನಾನೂ ಅಕ್ಷರದ ಲೆಕ್ಕನೇ ಹೇಳಿದ್ದು ಭಾವ."

ಅವರು ಕೆಲಸಕ್ಕೆ ಇಳಿದರು. ನಮ್ಮ ಭಾಷೆಯಲ್ಲಿ ಇಲ್ಲ, ಬೇಡ, ಆಗದು ಎಂಬುದೆಲ್ಲ ಬರುವುದು ವಾಕ್ಯದ ಕೊನೆಗೇ. ಕೊನೆ ಹೋದರೆ ಬೇಡವಾದದ್ದು ಬೇಕಾಗಿಬಿಡುತ್ತದೆ. ಆ ದಿನ ಮೆಟ್ಟಿಲ ಮೇಲೆ ಬಾಗಿ ಕೂತಿದ್ದ ಅವರನ್ನು ನೋಡುತ್ತ ನನಗೆ ಅದು ಸರಿಯಾಗಿ ತಿಳಿಯಿತು. ಅವರು ಬೇಕೆಂದರೆ ಆ ಒಂದು ಮಾತನ್ನು ಹಾಗೆಯೇ ಬಿಟ್ಟು ಹೋಗಬಹುದಿತ್ತು, ರಿಪೇರಿ ಆಗಲಿಲ್ಲ ಎಂದು ಎದ್ದುಬಿಡಬಹುದಿತ್ತು. ಅದರ ಬದಲು ಗೊತ್ತುಮಾಡಿದ ಅಳತೆಯೇ ಇಲ್ಲದಂತೆ, ಬಂದ ಮಾತಿನ ನಿಜವಾದ ಉದ್ದ ನೋಡಿಕೊಂಡು ಅಷ್ಟೇ ಜಾಗ ತೆಗೆಯುವಂತೆ ಪ್ರೋಗ್ರಾಮನ್ನು ತಿದ್ದಿದರು. ನಾನು ನನ್ನ ಕಡೆ ಉದ್ದವನ್ನು ಅಕ್ಷರದ ಬದಲು ಬೈಟಿನ, ಎಂದರೆ ಅಕ್ಷರ ಹಿಡಿಯುವ ಜಾಗದ, ಲೆಕ್ಕದಲ್ಲಿ ಕಳಿಸುವಂತೆ ಬದಲಾಯಿಸಿದೆ.

ಲ್ಯಾಪ್‌ಟಾಪನ್ನು ಅಕ್ಕನ ಮುಂದೆ ಇಟ್ಟು ಭಾವ ಹೇಳಿದರು, "ಈಗ ಹೇಳು. ಆಗ್ಲೇ ಹೇಳಿದ್ದನ್ನೇ ಹೇಳು."

ಅಕ್ಕ ಅವರ ಮುಖವನ್ನೇ ನೋಡಿದಳು. ಬೆರಳು ಬಟನ್ನಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಒತ್ತಿದಳು.

"ನೀವು ಇಷ್ಟು ದೂರ ಬರಬೇಕಾಗಿರಲಿಲ್ಲ."

"ಕೇಳಿಸ್ತು" ಎಂದರು ಭಾವ. ಬ್ಯಾಗಿನ ಜಿಪ್ ಎಳೆದರು. ಎದ್ದು ನಿಂತರು.

ಅಕ್ಕ ಕೈ ಎತ್ತಿ ತಡೆದಳು. ಮತ್ತೆ ಟೈಪ್ ಮಾಡತೊಡಗಿದಳು. ಬಹಳ ಹೊತ್ತು ಮಾಡಿದಳು. ಭಾವ ನಿಂತೇ ಇದ್ದರು. ಆಮೇಲೆ ಅವಳ ಧ್ವನಿ ಒಂದೊಂದೇ ಅಕ್ಷರ ಜೋಡಿಸಿಕೊಂಡು ಹೇಳಿತು.

"ಮಗಳು ಹೋದ ದಿನ ನೀವು ನನ್ನ ಹತ್ತಿರ ಬಂದು ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ. ನಾನು ಕಾದೆ."

ಭಾವ ಮೆಟ್ಟಿಲ ಮೇಲೆ ಕುಸಿದ ಹಾಗೆ ಕೂತರು. "ಏನಂತ ಆಡ್ಲಿ? ನೀನು ಮಗು ಬಟ್ಟೆ ಹಿಡ್ಕಂಡು ಕೂತಿದ್ದೆ. ನಾನು ಏನೇ ಹೇಳಿದ್ರೂ ಸುಳ್ಳಾಗ್ತಿತ್ತು. ಸರಿ ಹೋಗ್ತದೆ ಅಂದ್ರೂ ಸುಳ್ಳು. ದೇವರು ಕರ್ಕಂಡ ಅಂದ್ರೂ ಸುಳ್ಳು."

ಅಕ್ಕ ಟೈಪ್ ಮಾಡಿದಳು. "ಸುಳ್ಳೇ ಹೇಳಬಹುದಾಗಿತ್ತು."

ಭಾವ ಮುಖ ಮುಚ್ಚಿಕೊಂಡು ಅತ್ತರು. ಅಕ್ಕನ ಕಣ್ಣಲ್ಲೂ ನೀರು ಬಂತು. ಅವಳಿಗೆ ಅಳುವಾಗ ಸದ್ದು ಬರುತ್ತಿರಲಿಲ್ಲ, ಕತ್ತಿನ ಬಟ್ಟೆ ಮಾತ್ರ ಏರಿ ಇಳಿಯುತ್ತಿತ್ತು. ನಾನು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದೆ. ಸಾರು ಕುದಿಯುವ ಹೊತ್ತಿಗೆ ಅಕ್ಕನ ಧ್ವನಿ ಜಗಲಿಯಿಂದ ಕೇಳಿತು. ಅದು ಇಡಿಯಾಗಿ ರೆಕಾರ್ಡ್ ಆಗಿದ್ದ ಮಾತು, ದಿನಾ ಕೆಲಸದವರಿಗೆ ಹೇಳುತ್ತಿದ್ದದ್ದು. "ಹೊತ್ತಾಯ್ತು, ಊಟ ಮಾಡಿ ಏಳಿ."

ಅವರಿಬ್ಬರೂ ಮತ್ತೆ ಒಂದಾಗಿ ಸಂಸಾರ ಮಾಡಿದರು ಎಂದು ನಾನು ಹೇಳಲಾರೆ. ಭಾವ ಭಾನುವಾರಗಳಲ್ಲಿ ನಾಪೋಕ್ಲಿನಿಂದ ಮಡಿಕೇರಿಗೆ, ಮಡಿಕೇರಿಯಿಂದ ಗಾಳಿಬೀಡಿಗೆ ಬಸ್ಸು ಬದಲಾಯಿಸಿ ಬರುತ್ತಿದ್ದರು. ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಮನೆಯ ನಲ್ಲಿ ಸರಿ ಮಾಡುತ್ತಿದ್ದರು, ಹಂಚು ನೋಡುತ್ತಿದ್ದರು. ಜಗಲಿಯ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವರು. ಮಾತು ಕಡಿಮೆ. ಕೆಲವು ಸಲ ಅಕ್ಕ ಸಿಟ್ಟಿನಲ್ಲಿ ಉದ್ದುದ್ದ ಟೈಪ್ ಮಾಡುತ್ತಿದ್ದಳು, ಅವರು ತಲೆ ತಗ್ಗಿಸಿ ಪೂರ್ತಿ ಕೇಳುತ್ತಿದ್ದರು.

ಪಿಕಿಂಗ್ ಶುರುವಾಗುವ ಹೊತ್ತಿಗೆ ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು. ಮಂಗಳೂರಿನವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಕ್ಕನ ಬೆರಳಿನಲ್ಲಿ ಶಕ್ತಿ ಉಳಿಯಲಿಲ್ಲ. ಭಾವ ದೊಡ್ಡ ಬಟನ್ನುಗಳಿರುವ ಒಂದು ಹಲಗೆ ಮಾಡಿಕೊಡುತ್ತೇನೆ ಎಂದು ಸಾಮಾನು ತಂದರು. ಅಕ್ಕ ಬೇಡ ಎಂದು ಕಣ್ಣಿನಲ್ಲೇ ಹೇಳಿದಳು. ಲ್ಯಾಪ್‌ಟಾಪನ್ನು ಆಚೆ ಸರಿಸಿ ಅವರ ಕೈ ಹಿಡಿದುಕೊಂಡಳು. ಆಮೇಲೆ ಅವರು ನಾಪೋಕ್ಲಿನ ಅಂಗಡಿಗೆ ಬೀಗ ಹಾಕಿ ಬಂದು ಅಕ್ಕನ ಮನೆಯಲ್ಲೇ ಉಳಿದರು. ಒಂದು ದಿನ ಮಧ್ಯಾಹ್ನ, ಹೊರಗೆ ಕಾಫಿ ಮೂಟೆಗಳನ್ನು ತೂಗುತ್ತಿದ್ದಾಗ, ಅಕ್ಕ ಹೋದಳು. ಉಸಿರು ನಿಂತದ್ದು ನಮಗೆ ಗೊತ್ತಾದದ್ದು ಕತ್ತಿನ ಬಟ್ಟೆ ಅಲ್ಲಾಡದೆ ನಿಂತಾಗ.

ಹನ್ನೊಂದನೇ ದಿನದ ಕಾರ್ಯಕ್ಕೆ ಲೈನಿನ ಹೆಂಗಸರೆಲ್ಲ ಬಂದಿದ್ದರು. ಊಟವಾದ ಮೇಲೆ ತಮಿಳು ಅಜ್ಜಿಯೊಬ್ಬಳು, ರೈಟರಮ್ಮನ ಸದ್ದು ಒಂದು ಸಲ ಕೇಳಿಸು ಎಂದಳು. ನಾನು ಭಾವನ ಕಡೆ ನೋಡಿದೆ. ಅವರು ಹೂಂ ಎಂದರು. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಮಸ್ಟರಿನ ಹೆಸರುಗಳನ್ನು ಒತ್ತುತ್ತ ಹೋದೆ. ತಮ್ಮ ಹೆಸರು ಬಂದಾಗ ಒಬ್ಬೊಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡರು. ಏಣಿಯ ಮಾತು ಬಂದಾಗ ಕೆಲವರು ನಕ್ಕರು. "ಜಲ್ದಿ ಆವೋ" ಎಂದಾಗ ಅಸ್ಸಾಮಿನ ಹುಡುಗಿಯೊಬ್ಬಳು ಅಭ್ಯಾಸಬಲದಿಂದ "ಆತೀ ಹೂಂ ದೀದಿ" ಎಂದು ಎದ್ದು ನಿಂತೇಬಿಟ್ಟಳು. ಎಲ್ಲರೂ ಅವಳನ್ನು ನೋಡಿದರು. ಅವಳು ನಿಂತಲ್ಲೇ ಅಳುವುದಕ್ಕೆ ಶುರುಮಾಡಿದಳು.

ಅದಾಗಿ ಸ್ವಲ್ಪ ದಿನಕ್ಕೆ, ಕುಶಾಲನಗರದ ನನ್ನ ಮನೆಯಲ್ಲಿ ಒಬ್ಬಳೇ ಕೂತಿದ್ದಾಗ ನಾನು ಲ್ಯಾಪ್‌ಟಾಪ್ ತೆರೆದೆ. ಅಕ್ಕ ಯಾವತ್ತೂ ಹೇಳದಿದ್ದ ಒಂದು ಮಾತನ್ನು ಟೈಪ್ ಮಾಡಿದೆ: "ನಂಗೆ ಈಗ ನೋವಿಲ್ಲ ಕಣೇ ತಂಗಿ, ಅಳಬೇಡ." ಒತ್ತಿದೆ. ಅವಳ ಧ್ವನಿ ಅದನ್ನು ಹೇಳಿತು. ಪೂರ್ತಿಯಾಗಿ, ಕೊನೆಯ ಅಕ್ಷರದವರೆಗೂ. ಅದು ಅವಳ ಮಾತಲ್ಲ. ನಾನೇ ಬರೆದು, ನನಗೆ ನಾನೇ ಹೇಳಿಕೊಂಡ ಮಾತು. ಅವಳ ಬಾಯಲ್ಲಿ ಬೇಕಾದ್ದು ಹೇಳಿಸಬಹುದಲ್ಲ ಎಂದು ಅನಿಸಿದಾಗ ನನಗೆ ಅವಳು ಇನ್ನೊಂದು ಸಲ ಸತ್ತ ಹಾಗಾಯಿತು.

ಭಾವನಿಗೆ ಹೇಳಿದೆ. ಅವರು ಫೋನಿನಲ್ಲಿ "ನಾನೂ ಮಾಡಿದ್ದೆ" ಎಂದರು.

"ನೀವು ಏನಂತ..."

"ಕೇಳ್ಬೇಡ ಕಣಮ್ಮ."

ಎಸ್ಟೇಟಿನ ಮನೆಯನ್ನು ಹೊಸ ರೈಟರಿಗೆ ಬಿಟ್ಟುಕೊಡಬೇಕಿತ್ತು. ಮನೆ ಖಾಲಿ ಮಾಡಲು ಇಬ್ಬರೂ ಹೋದ ದಿನವೇ, ಅವಳ ಧ್ವನಿಯಲ್ಲಿ ಇನ್ನು ಯಾರೂ ಹೊಸ ಮಾತು ಹೇಳಿಸದಂತೆ ಮಾಡುವ ಕೆಲಸವನ್ನೂ ಮುಗಿಸಿದೆವು. ಅಕ್ಕ ತಾನಾಗಿ ಆಡಿದ ಮಾತುಗಳನ್ನು ಹಾಗೆಯೇ ಉಳಿಸಿಕೊಂಡೆವು. ಅಕ್ಷರ ಜೋಡಿಸಿ ಹೊಸ ಮಾತು ಹೇಳಿಸುವ ಸಿ ಪ್ರೋಗ್ರಾಮನ್ನು ಭಾವ ಅಳಿಸಿದರು. ಅದಕ್ಕೆ ಮಾತು ಒಯ್ದು ಕೊಡುತ್ತಿದ್ದ ಫಂಕ್ಷನನ್ನು ನಾನು 'ಡ್ರಾಪ್' ಎಂದು ಬರೆದು ಡೇಟಾಬೇಸಿನಿಂದ ತೆಗೆದೆ. ತೆಗೆದದ್ದಾಯಿತು ಎಂದು ಅದು ಒಂದು ಸಾಲಿನ ಉತ್ತರ ಕೊಟ್ಟಿತು. ಭಾವ ಆ ಸಾಲನ್ನು ನೋಡುತ್ತ ಕೂತಿದ್ದರು. "ಅವಳು ಹೇಳ್ದೇ ಇದ್ದದ್ದು ಇನ್ನು ಬರಕ್ಕಿಲ್ಲ" ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ.

ಹೊರಗಿನಿಂದ ಹೊಸ ರೈಟರು ಬಾಗಿಲಿಗೆ ಬಂದಳು. ಚಿಕ್ಕ ವಯಸ್ಸಿನವಳು. ಸಂಕೋಚದಿಂದಲೇ ಕೇಳಿದಳು, "ಅಣ್ಣ, ತೂಕದ ಮಿಷನ್ ಯಾಕೋ ತಪ್ಪು ತೋರಿಸ್ತಿದೆ, ಮೂಟೆ ಎಲ್ಲಾ ಹಂಗೇ ನಿಂತಿದಾವೆ. ಒಂಚೂರು ನೋಡ್ತೀರಾ?"

ಭಾವ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಅವಳ ಹಿಂದೆ ಹೋದರು. ನಾನು ಇನ್ನೂ ಗುಡಿಸದಿದ್ದ ಕೋಣೆಯನ್ನು ಗುಡಿಸಿ, ರೆಕಾರ್ಡಿಂಗಿನ ದಿನಗಳಿಂದ ಕಿಟಕಿಯ ಸಂದಿಯಲ್ಲೇ ಉಳಿದಿದ್ದ ಕಂಬಳಿಯನ್ನು ಎಳೆದು ಮಡಚಿ, ಬಾಗಿಲು ಹಾಕಿಕೊಂಡು ಅಂಗಳಕ್ಕೆ ಇಳಿದೆ.